ಹನ್ನೊಂದು ದಿನ ತಡವಾದ ಅಪ್ಪ

ನಮ್ಮ ಕೌಂಟಿಯ ಮಕ್ಕಳ ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗುವ ಕೆಲಸವನ್ನು ನಾನು ಇಪ್ಪತ್ತಾರು ವರ್ಷ ಮಾಡಿದೆ. ಅಲ್ಲಿ ನಡೆದದ್ದನ್ನು ಹೊರಗೆ ಆಡುವ ಹಾಗಿಲ್ಲ, ಆಡಿಯೂ ಇಲ್ಲ. ಕ್ಲಿಯೋಫಸ್ ಗೇನ್ಸನ ವಿಷಯ ಮಾತ್ರ ಬೇರೆ. "ಹೇಳಿ ಮಿಸ್ ಹ್ಯಾಟಿ, ನನ್ನಂಥ ಇನ್ನೊಬ್ಬ ದಡ್ಡನಿಗೆ ಉಪಯೋಗ ಆದ್ರೆ ಆಗ್ಲಿ" ಎಂದು ಅವನೇ ಹೇಳಿದ್ದಾನೆ.

ಕ್ಲಿಯೋಫಸ್ ಮೀನಿನ ಕಾರ್ಖಾನೆಯಲ್ಲಿ ಕ್ಯಾಟ್‌ಫಿಶ್ ಸೀಳುವವನು. ಇಲ್ಲಿ ಮಿಸಿಸಿಪ್ಪಿ ಡೆಲ್ಟಾದಲ್ಲಿ ಹತ್ತಿ ಹೊಲಗಳನ್ನು ಅಗೆದು ಮೀನಿನ ಕೊಳ ಮಾಡಿದ ಮೇಲೆ ಅರ್ಧ ಊರು ಉಣ್ಣುವುದೇ ಆ ಕಾರ್ಖಾನೆಯಿಂದ. ಎತ್ತರದ ಆಳು, ಮಾತು ಕಡಿಮೆ. ಚರ್ಚಿನಲ್ಲಿ ಯಾವಾಗಲೂ ಕೊನೆಯ ಬೆಂಚು. ನಲವತ್ತು ಸಮೀಪಿಸುವಾಗ ಶಾಂಡಾ ಎಂಬವಳ ಜೊತೆ ಮನೆ ಮಾಡಿದ. ಅವಳಿಗೆ ಮೊದಲೇ ಮದುವೆಯಾಗಿತ್ತು. ಗಂಡ ಡಾಂಟ್ರೆಲ್ ಜೈಲು ಸೇರಿ ಐದು ವರ್ಷವಾಗಿತ್ತು. ವಿಚ್ಛೇದನ ಪಡೆಯಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಮಗಳು ನೈಲಾ ಹುಟ್ಟಿದ ದಿನ ಆಸ್ಪತ್ರೆಯವರು ಫಾರಂ ತಂದರು. "ಮದುವೆ ಆಗಿದೆಯೇನಮ್ಮಾ?" ಎಂದು ಕೇಳಿದರು. ಶಾಂಡಾ ಹೌದೆಂದಳು. ಹಾಗಿದ್ದರೆ ತಂದೆ ಎನ್ನುವ ಜಾಗದಲ್ಲಿ ಗಂಡನ ಹೆಸರೇ ಬರುವುದು ಎಂದು ಬರೆದುಕೊಂಡು ಹೋದರು. ಕ್ಲಿಯೋಫಸ್ ಅಲ್ಲೇ ಮಗುವನ್ನು ಎದೆಗವಚಿಕೊಂಡು ನಿಂತಿದ್ದ.

ಅವನ ಅಕ್ಕ ವರ್ಲೀನ್ ಕೇಳಿ ಕೆಂಡವಾದಳು. "ಏನೋ ನೀನು! ಹೊಲ ನಿಂದು, ಬೆಳೆ ನಿಂದು, ಹೆಸರು ಮಾತ್ರ ಆ ಜೈಲಿನವಂದಾ?"

"ಕಾಗ್ದ ಏನು ಮಗೂನ ಎತ್ಕೊಂಡು ತಿರುಗುತ್ತಾ ಅಕ್ಕ? ಎತ್ಕೊಳ್ಳೋನು ನಾನು ತಾನೆ."

ಎತ್ತಿಕೊಂಡವನೂ ಅವನೇ. ದಿನವಿಡೀ ಚೂರಿ ಹಿಡಿದ ಕೈಯನ್ನು ನಿಂಬೆಹಣ್ಣಿನಲ್ಲಿ ಉಜ್ಜಿ ತೊಳೆದು, ಸಂಜೆ ಮಗಳನ್ನು ಮೊಣಕಾಲ ನಡುವೆ ಕೂರಿಸಿಕೊಂಡು ತಲೆ ಬಾಚುತ್ತಿದ್ದ. ಸಣ್ಣ ಸಣ್ಣ ಜಡೆ, ತುದಿಗೊಂದು ಮಣಿ. "ಹೆಂಗಸರಿಗೂ ಇಷ್ಟು ನೇರ ಬೈತಲೆ ಬರಲ್ಲ ಕಣೋ" ಎಂದು ವರ್ಲೀನ್ ನಗುತ್ತಿದ್ದಳು.

ಶಾಂಡಾಗೆ ಬೆನ್ನುನೋವಿಗೆ ಕೊಟ್ಟ ಮಾತ್ರೆ ಚಟವಾಯಿತು. ನೈಲಾಗೆ ಮೂರು ತುಂಬಿದ ವರ್ಷ, ಜಗಳವಾಡಿ ಮಗುವನ್ನು ಕರೆದುಕೊಂಡು ಮನೆ ಬಿಟ್ಟಳು. ಎರಡು ತಿಂಗಳಾದ ಮೇಲೆ ಹೆದ್ದಾರಿ ಪಕ್ಕದ ಹೋಟೆಲಿನ ಕೋಣೆಯಲ್ಲಿ ಮಗು ಒಂದೇ ಇದ್ದದ್ದು ಪೊಲೀಸರ ಕಣ್ಣಿಗೆ ಬಿತ್ತು. ಒಂದೂವರೆ ದಿನದಿಂದ ಬರೀ ಬಿಸ್ಕತ್ತು ತಿಂದಿತ್ತು. ಕೌಂಟಿಯ ಮಕ್ಕಳ ಇಲಾಖೆಯವರು ಮಗುವನ್ನು ವಶಕ್ಕೆ ತೆಗೆದುಕೊಂಡು ಒಂದು ಸಾಕುಮನೆಗೆ ಸೇರಿಸಿದರು. ಅವಳ ಬಟ್ಟೆಬರೆಯೆಲ್ಲ ಕಸ ತುಂಬುವ ಒಂದು ಕರಿ ಚೀಲದಲ್ಲಿತ್ತು. ನಮ್ಮಲ್ಲಿಗೆ ಬರುವ ಮಕ್ಕಳೆಲ್ಲ ಹಾಗೆಯೇ ಬರುತ್ತಿದ್ದರು.

ಕ್ಲಿಯೋಫಸ್ ಕಾರ್ಖಾನೆಯ ರಬ್ಬರ್ ಬೂಟಿನಲ್ಲೇ ಓಡಿ ಬಂದ. ಜಡ್ಜ್ ಮೇಡಂ ಫೈಲಿನಿಂದ ತಲೆ ಎತ್ತಿದರು.

"ನೀವ್ಯಾರು?"

"ಅವಳಪ್ಪ, ಮೇಡಂ."

"ಇಲ್ಲಿ ಡಾಂಟ್ರೆಲ್ ವೀಮ್ಸ್ ಅಂತ ಇದೆ."

"ಅದು ಕಾಗ್ದದಲ್ಲಿ. ಮಗು ಹತ್ರ ಕೇಳಿ, ಅಪ್ಪ ಯಾರು ಅಂತ."

ಮೇಡಂ ಕೆಟ್ಟವರಲ್ಲ. ನಿಧಾನವಾಗಿಯೇ ಹೇಳಿದರು: "ಗೇನ್ಸ್ ಅವರೇ, ಮಗು ಎಲ್ಲಿರಬೇಕು ಅನ್ನೋದನ್ನ ನಾನು ಹೇಳಬಲ್ಲೆ. ತಂದೆ ಯಾರು ಅನ್ನೋದನ್ನ ಮೇಲಿನ ಕೋರ್ಟಲ್ಲಿ ಅರ್ಜಿ ಹಾಕಿ ಇತ್ಯರ್ಥ ಮಾಡ್ಕೊಳ್ಳಿ. ಅಲ್ಲೀವರೆಗೆ ನೀವು ಈ ಕೋರ್ಟಿಗೆ ಹೊರಗಿನವರು."

ಮೇಲಿನ ಕೋರ್ಟು ಅದೇ ಕಟ್ಟಡದ ಎರಡನೇ ಮಹಡಿ. ಸಂಸಾರದ ವ್ಯಾಜ್ಯಗಳೆಲ್ಲ ಅಲ್ಲಿಗೆ. ಅವನು ಹತ್ತಿ ಹೋದ. ಅಲ್ಲಿನ ಗುಮಾಸ್ತೆ ಅರ್ಜಿ ತೆಗೆದುಕೊಂಡಳು. "ಮಗೂನ ಕೊಡಿಸಿ ಅಂತ ಇಲ್ಲಿ ಕೇಳೋ ಹಾಗಿಲ್ಲ, ಅದು ಕೆಳಗಿನವರ ವಶದಲ್ಲಿದೆ. ಅಪ್ಪ ಯಾರು ಅಂತಷ್ಟೆ ತೀರ್ಮಾನ ಆಗೋದು. ಅದಕ್ಕೂ ಗಂಡನಿಗೆ ನೋಟಿಸ್ ಹೋಗ್ಬೇಕು" ಎಂದಳು. ಡಾಂಟ್ರೆಲನನ್ನು ಒಂದು ಜೈಲಿನಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದರು. ನೋಟಿಸ್ ಮೂರು ಸಲ ವಾಪಸು ಬಂತು.

ವಾರಕ್ಕೊಂದು ಗಂಟೆ ನಮ್ಮ ಕೋರ್ಟಿನಲ್ಲೇ ಮಗಳನ್ನು ನೋಡಲು ಮಾತ್ರ ಮೇಡಂ ಬಿಟ್ಟಿದ್ದರು. ಬುಧವಾರ ಮೂರಕ್ಕೆ ಬಾಚಣಿಗೆ, ಎಣ್ಣೆ, ಮಣಿಡಬ್ಬಿ ಹಿಡಿದು ಬರುತ್ತಿದ್ದ. ಆ ಗಂಟೆಯಲ್ಲಿ ಅವರಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವನು ಜಡೆ ಹೆಣೆಯುತ್ತಿದ್ದ, ಅವಳು ಮಣಿ ಆರಿಸಿ ಕೊಡುತ್ತಿದ್ದಳು. ಸಮಯ ಮುಗಿದಾಗ ಅವಳು ಕೇಳುತ್ತಿದ್ದದ್ದು ಒಂದೇ. "ಇವತ್ತು ಮನೆಗೆ ಹೋಗೋಣ್ವಾ ಅಪ್ಪ?"

"ಮುಂದಿನ ವಾರ ನೋಡೋಣ ಚಿನ್ನ."

ಒಂದು ಬುಧವಾರ ಮಗು ಬರಲಿಲ್ಲ. ಶಾಂಡಾ ತನ್ನ ಹಕ್ಕು ಬಿಟ್ಟುಕೊಟ್ಟು ಸಹಿ ಮಾಡಿದ್ದಳು. ಮೂರು ಸಲವೂ ಮೇಲಿನ ಕೋರ್ಟಿನ ನೋಟಿಸಿಗೆ ಸಿಗದ ಡಾಂಟ್ರೆಲ್ ಕೌಂಟಿಯವರಿಗೆ ಸಿಕ್ಕಿದ್ದ. ಅವನೂ ಸಹಿ ಹಾಕಿದ್ದ. ಕಾಗದದ ಅಪ್ಪ, ಅಮ್ಮ ಇಬ್ಬರೂ ಬಿಟ್ಟುಕೊಟ್ಟ ಮೇಲೆ ಹೊರಗಿನವನ ಭೇಟಿ ಯಾಕೆ ಎಂದು ನಿಲ್ಲಿಸಿದರು. ಕ್ಲಿಯೋಫಸ್ ಮೂರರಿಂದ ಐದರವರೆಗೂ ಬೆಂಚಿನ ಮೇಲೆ ಕುಳಿತಿದ್ದು ಎದ್ದುಹೋದ. ನನಗೆ ಗೊತ್ತಿತ್ತು, ಹೇಳಲು ನಾಲಿಗೆ ಏಳಲಿಲ್ಲ. ಆ ಪಾಪ ನನ್ನದು.

ಕೊನೆಗೆ ರಕ್ತದ ಪರೀಕ್ಷೆಯಾಗಿ ಮೇಲಿನ ಕೋರ್ಟು ಆದೇಶ ಕೊಟ್ಟಿತು: ನೈಲಾಳ ತಂದೆ ಕ್ಲಿಯೋಫಸ್ ಗೇನ್ಸ್. ಅರ್ಜಿ ಹಾಕಿ ಇಪ್ಪತ್ತು ತಿಂಗಳಾಗಿತ್ತು. ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದ. ಅವನು ಹಲ್ಲು ಬಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ. "ಮಿಸ್ ಹ್ಯಾಟಿ, ಕೂಗಿ ಈಗ ನನ್ನ ಹೆಸರು!"

ಒಳಗೆ ಮೇಡಂ ಆದೇಶ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪಕ್ಕದ ಕೌಂಟಿಯ ಕೋರ್ಟಿನಲ್ಲಿ ನೈಲಾಳ ದತ್ತು ಮುಗಿದು ಅವತ್ತಿಗೆ ಹನ್ನೊಂದು ದಿನ. ಇಲ್ಲೊಂದು ಅರ್ಜಿ ಇದೆಯೆಂದು ಅಲ್ಲಿಯವರಿಗೆ ಯಾರೂ ತಿಳಿಸಿರಲಿಲ್ಲ.

ಅವನ ಪರವಾಗಿ ಧರ್ಮಾರ್ಥ ವಾದಿಸುತ್ತಿದ್ದ ಯುವ ವಕೀಲೆಗೆ ಸಿಟ್ಟು ತಡೆಯಲಾಗಲಿಲ್ಲ. "ದತ್ತು ರದ್ದು ಮಾಡಿಸ್ತೀನಿ, ಗೇನ್ಸ್. ತಪ್ಪು ಅವರದು. ನಾವು ಗೆಲ್ತೀವಿ" ಎಂದಳು. ಅರ್ಜಿಯನ್ನೂ ಹಾಕಿದಳು.

ವಿಚಾರಣೆಯ ದಿನ ಪಕ್ಕದ ಕೌಂಟಿಯ ಕೋರ್ಟಿಗೆ ವರ್ಲೀನ್ ನನ್ನನ್ನೂ ಎಳೆದುಕೊಂಡು ಹೋದಳು. ದತ್ತು ತೆಗೆದುಕೊಂಡ ಲೋಮ್ಯಾಕ್ಸ್ ದಂಪತಿ ಇಬ್ಬರೂ ಮೇಷ್ಟ್ರು. ಒಳ್ಳೆಯ ಜನ, ಅವರೂ ನಮ್ಮಷ್ಟೇ ಹೆದರಿದ್ದರು. ಮೊಗಸಾಲೆಯಲ್ಲಿ ಮಿಸೆಸ್ ಲೋಮ್ಯಾಕ್ಸ್ ಅವನ ಬಳಿ ಬಂದು ಕುಳಿತಳು.

"ನಮ್ಮನ್ನ ಕ್ಷಮಿಸಿ. ನೀವು ಇದ್ದೀರಿ ಅಂತ್ಲೇ ನಮಗೆ ಗೊತ್ತಿರಲಿಲ್ಲ."

ಅವನು ತಲೆಯಾಡಿಸಿದ. "ಹೇಗಿದಾಳೆ?"

"ಚೆನ್ನಾಗಿದಾಳೆ. ನಿನ್ನೆ ನಮ್ಮ ಮಾತು ಕೇಳಿಸ್ಕೊಂಡ್ಬಿಟ್ಟಳು. ಹೋಗಿ ಕರಿ ಚೀಲ ತಂದು ಬಟ್ಟೆ ತುಂಬಿಕೊಂಡು ಬಾಗಿಲ ಹತ್ರ ಕೂತಿದ್ಲು. ಈ ಸಲ ಯಾರ ಮನೆ ಅಂತ ಕೇಳಿದ್ಲು. ಅಳಲೂ ಇಲ್ಲ."

ಕ್ಲಿಯೋಫಸ್ ತನ್ನ ಕೈಗಳನ್ನೇ ನೋಡುತ್ತ ಕುಳಿತ. ವಕೀಲೆ ಕರೆಯಲು ಬಂದಾಗ, "ಬೇಡಮ್ಮ, ಅರ್ಜಿ ವಾಪಸ್ ತಗೊಂಡ್ಬಿಡಿ" ಎಂದ.

ವರ್ಲೀನ್ ಚೀರಿದಳು. "ಹುಚ್ಚು ಹಿಡೀತೇನೋ? ಗೆದ್ದ ಹಾಗೇ ಕಣೋ ನೀನು!"

"ಗೆದ್ರೆ ಅವಳು ಇನ್ನೊಂದ್ಸಲ ಚೀಲ ಕಟ್ಬೇಕಲ್ಲ ಅಕ್ಕ."

ಲೋಮ್ಯಾಕ್ಸ್ ದಂಪತಿ ತಾವಾಗಿಯೇ ತಿಂಗಳಿಗೊಂದು ಶನಿವಾರ ಬನ್ನಿ ಎಂದರು. ಮೊದಲ ಶನಿವಾರ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಣಿಡಬ್ಬಿ ಹಿಡಿದು ಹೋದ. ನೈಲಾ ಅವನ ಕಡೆ ಸ್ವಲ್ಪ ಹೊತ್ತು ನೋಡಿ, ಅವನ ನಡು ತಬ್ಬಿಕೊಂಡು ಮುಖ ಹುದುಗಿಸಿದಳು. ಅವನು ಬಾಚಣಿಗೆ ತೆಗೆದ. "ಅಮ್ಮ ಹಾಕಿದಾರೆ" ಎಂದು ತಲೆ ತಿರುಗಿಸಿ ತೋರಿಸಿದಳು. ಜಡೆಗಳು ನೇರವಾಗಿದ್ದವು. "ಚೆನ್ನಾಗಿದೆ ಚಿನ್ನ" ಎಂದ. ಕಾರಿಗೆ ಬಂದವನು ಸ್ಟೇರಿಂಗ್ ಹಿಡಿದುಕೊಂಡು ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ ಎಂದು ನನ್ನ ಬಳಿ ಹೇಳಿದ್ದಾನೆ. ವರ್ಷ ಕಳೆಯುವುದರಲ್ಲಿ ಅವಳ ಬಾಯಲ್ಲಿ ಅವನು 'ಮಿಸ್ಟರ್ ಕ್ಲಿಯೋ' ಆಗಿದ್ದ. ಯಾರೂ ಕಲಿಸಿದ್ದಲ್ಲ, ಇಬ್ಬರು ಅಪ್ಪಂದಿರನ್ನು ಹೇಗೆ ಕರೆಯುವುದೆಂದು ಮಗುವೇ ದಾರಿ ಹುಡುಕಿಕೊಂಡಿತ್ತು. ಆಮೇಲೆ ಲೋಮ್ಯಾಕ್ಸರಿಗೆ ಟೆನೆಸ್ಸಿಯಲ್ಲಿ ಕೆಲಸವಾಯಿತು, ಹೋದರು. ಸ್ವಲ್ಪ ದಿನ ಫೋನು ಬರುತ್ತಿತ್ತು.

ಹೋದ ತಿಂಗಳು ಅಂಗಡಿಯಲ್ಲಿ ಸಿಕ್ಕಿದ. ಗಡ್ಡ ನೆರೆತಿದೆ. ಚೂರಿ ಹಿಡಿದು ಹಿಡಿದು ಬೆರಳು ಮಡಚಿಕೊಂಡಿವೆ. ಈಗ ಕಾರ್ಖಾನೆಯಲ್ಲಿ ನೆಲ ತೊಳೆಯುವ ಕೆಲಸ ಕೊಟ್ಟಿದ್ದಾರೆ. ಸೊಪ್ಪಿನ ಕಟ್ಟು ಆರಿಸುತ್ತಿದ್ದವನು ನಾನು ಕೇಳದಿದ್ದರೂ ಹೇಳಿದ: "ಅವಳಿಗೆ ಹನ್ನೊಂದು ತುಂಬಿತು ಮಿಸ್ ಹ್ಯಾಟಿ, ಮಂಗಳವಾರ."

"ಫೋನ್ ಮಾಡಿದ್ಯಾ?"

"ಮಾಡ್ದೆ. ಈಜೋಕೆ ಹೋಗಿದಾಳೆ ಅಂದ್ರು." ಸೊಪ್ಪನ್ನು ಬುಟ್ಟಿಗೆ ಹಾಕಿಕೊಂಡ. "ಈಜು ಬರುತ್ತಂತೆ ಅವಳಿಗೆ. ನನಗೆ ಗೊತ್ತೇ ಇರಲಿಲ್ಲ."