ಕುರ್ಚಿ ನಿಂದು, ಕಣ ನಂದು

ನನಗೂ ಆರ್.ಟಿ. ನಗರದಲ್ಲಿ ಹಾಸಿಗೆ ಅಂಗಡಿ ಇಟ್ಟಿರುವ ನನ್ನ ಗೆಳೆಯನಿಗೂ ಒಂದು ಹುಚ್ಚಿದೆ. ದೇಶದ ದೊಡ್ಡ ದೊಡ್ಡ ಫುಟ್‌ಬಾಲ್ ಸ್ಟೇಡಿಯಂಗಳನ್ನೆಲ್ಲ ಸಾಯುವುದರೊಳಗೆ ನೋಡಿ ಮುಗಿಸಬೇಕು, ವರ್ಷಕ್ಕೊಂದರಂತೆ. ನನ್ನ ಹೆಂಡತಿಗೆ ಇದರ ತಲೆಬುಡ ಇವತ್ತಿಗೂ ಅರ್ಥವಾಗಿಲ್ಲ. "ಜನ ಕಾಶಿಗೆ ಹೋಗ್ತಾರೆ, ಇಲ್ಲಾ ಗೋವಾಕ್ಕೆ ಹೋಗ್ತಾರೆ. ಸಿಮೆಂಟ್ ಮೆಟ್ಲು ನೋಡೋಕೆ ರೈಲು ಹತ್ತೋರು ನೀವಿಬ್ರೇ ಕಣ್ರೀ" ಅನ್ನುತ್ತಾಳೆ. ಗೋವಾದಲ್ಲೂ ಒಂದು ಸ್ಟೇಡಿಯಂ ಇದೆ ಕಣೇ ಅಂತ ಹೇಳಲು ಹೋಗಿ ಬೈಸಿಕೊಂಡಿದ್ದೇನೆ.

ಶುರು ಮಾಡಿದರೆ ದೊಡ್ಡದರಿಂದಲೇ ಮಾಡಬೇಕು ಅಂತ ಯಶವಂತಪುರದಲ್ಲಿ ರೈಲು ಹತ್ತಿ ಮೊದಲು ಕೋಲ್ಕತ್ತಾಕ್ಕೆ ಹೋದೆವು. ಅಲ್ಲಿಯ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಒಂದು ಕಾಲಕ್ಕೆ ಲಕ್ಷಕ್ಕೂ ಮೀರಿ ಜನ ಕೂತು ಫುಟ್‌ಬಾಲ್ ನೋಡುತ್ತಿದ್ದರಂತೆ. ಈಗ ಕುರ್ಚಿ ಹಾಕಿ ಕಡಿಮೆ ಮಾಡಿದ್ದಾರೆ, ಆದರೂ ದೊಡ್ಡದು ದೊಡ್ಡದೇ. ನಾವು ಹೋದ ದಿನ ಮಾತ್ರ ಅಲ್ಲಿ ಮ್ಯಾಚೇ ಇರಲಿಲ್ಲ! ದಿನ ನೋಡಿ ಟಿಕೆಟ್ ಮಾಡಿಸುವ ಕೆಲಸ ನನ್ನ ಗೆಳೆಯನದಾಗಿತ್ತು. ಕಾವಲುಗಾರನಿಗೆ ದಮ್ಮಯ್ಯ ಗುಡ್ಡೆ ಹಾಕಿ ಒಳಗೆ ಹೋದರೆ, ಅಷ್ಟು ದೊಡ್ಡ ಜಾಗದಲ್ಲಿ ನಾವಿಬ್ಬರು ಮತ್ತು ಒಂದು ನಾಯಿ. "ಅರೆ ಗುರು, ಕೂರೋಕೆ ಜಾಗ ಸಿಗುತ್ತೋ ಇಲ್ವೋ ಅಂತ ಹೆದರಿದ್ದೆ" ಅಂದ. ಅವನ ತಲೆಗೊಂದು ಮೊಟಕಿದೆ. ತುಂಬಿದ ಸ್ಟೇಡಿಯಂ ನೋಡುವ ನನ್ನ ಆಸೆ ಹಾಗೆಯೇ ಉಳಿಯಿತು.

ನಾವು ನೋಡುವವರಷ್ಟೇ ಅಲ್ಲ, ಆಡುವವರೂ ಹೌದು. ಪ್ರತಿ ಭಾನುವಾರ ಬೆಳಿಗ್ಗೆ ನಲವತ್ತು ದಾಟಿದ ಒಂದಷ್ಟು ಹೊಟ್ಟೆಗಳು ಶೆಟ್ಟಿಹಳ್ಳಿಯಲ್ಲಿ ನನ್ನ ಸೋದರಮಾವನ ಕಣದಲ್ಲಿ ಸೇರುತ್ತವೆ. ಕಣವೆಂದರೆ ಹಿಂದೆ ರಾಗಿ ಒಕ್ಕುತ್ತಿದ್ದ ಕಣವೇ. ಹೊಲಗಳೆಲ್ಲ ಸೈಟುಗಳಾಗಿ ಹೋದಮೇಲೆ ಮಾವನಿಗೆ ಉಳಿದದ್ದು ಈ ಕಣ ಮತ್ತು ಅದರ ಮೂರು ಕಡೆಯ ಖಾಲಿ ನೆಲ. ಸಗಣಿ ಸಾರಿಸಿ, ಕಲ್ಲಿನ ಗುಂಡು ಉರುಳಿಸಿ, ತಲೆಮಾರುಗಟ್ಟಲೆ ಗಟ್ಟಿ ಮಾಡಿದ ನೆಲ ಅದು. ಬಣವೆ ಒಟ್ಟುತ್ತಿದ್ದ ಜಾಗವೂ ಸೇರಿ ಏಳೇಳು ಜನ ಆರಾಮಾಗಿ ಆಡಬಹುದು.

ಆದರೆ ಚಪ್ಪಲಿ, ಶೂ ಯಾವುದೂ ಒಳಗೆ ಬರುವಂತಿಲ್ಲ. ರಾಶಿ ಪೂಜೆ ನಡೆದ ಜಾಗಕ್ಕೆ ಮೆಟ್ಟು ಹಾಕಿಕೊಂಡು ಕಾಲಿಡಬಾರದು ಅನ್ನುವುದು ಹಳೆಯ ಪದ್ಧತಿ. ಒಕ್ಕಣೆ ನಿಂತು ಎಷ್ಟೋ ವರ್ಷವಾದರೂ ಮಾವ ಅದನ್ನು ಬಿಟ್ಟಿಲ್ಲ, ಗೇಟಿನ ಬಳಿ ಕೋಲು ಹಿಡಿದು ಕೂರುತ್ತಾನೆ. ಒಮ್ಮೆ ಯಲಹಂಕದ ಅಪಾರ್ಟ್‌ಮೆಂಟಿನವರು ಥಳಥಳ ಹೊಳೆಯುವ ಬೂಟು ಹಾಕಿಕೊಂಡು ಮ್ಯಾಚಿಗೆ ಬಂದರು. ಮಾವ ಎಲ್ಲವನ್ನೂ ಬಿಚ್ಚಿಸಿದ. ಪಾಪ, ಬರಿಗಾಲಲ್ಲಿ ಚೆಂಡು ಒದ್ದು ಅಭ್ಯಾಸವಿಲ್ಲದವರು, ಹೆಬ್ಬೆರಳು ಹಿಡಿದುಕೊಂಡು ಕುಣಿದರು. ನಾವು ಗೆದ್ದ ಒಂದೇ ಒಂದು ಮ್ಯಾಚು ಅದು.

ಕೋಲ್ಕತ್ತಾದಿಂದ ಬಂದಮೇಲೆ ಮಾವ ವಿಚಾರಿಸಿಕೊಂಡ. "ಏನ್ ಅಳಿಯ, ದೇಸಕ್ಕೇ ದೊಡ್ದಂತಲ್ಲ? ಆಡೋ ಜಾಗ ಎಷ್ಟೈತೆ ಅಂತ ಏಳು."

"ನಮ್ ಕಣದಂಥ ಮೂರು ಸೇರಿಸಿದ್ರೆ ಆಗುತ್ತೆ ಮಾವ. ಎಲ್ಲಾ ಸ್ಟೇಡಿಯಂನಲ್ಲೂ ಹೆಚ್ಚುಕಮ್ಮಿ ಅಷ್ಟೇ."

"ಅಷ್ಟೇನಾ? ಮತ್ತೆ ದೊಡ್ದಿರೋದು ಏನ್ಲಾ?"

"ಜನ ಕೂರೋ ಜಾಗ."

"ಥೂ ನಿನ್ನ! ಅಂಗಾದ್ರೆ ಕುರ್ಚಿ ಎಣಿಸ್ಕಂಡು ಬರಾಕೆ ಓಗಿದ್ರಾ?" ಮಾವ ಬಿದ್ದು ಬಿದ್ದು ನಕ್ಕ. ನನ್ನ ಗೆಳೆಯ ಬಿಡುವವನಲ್ಲ. "ಯಜಮಾನ್ರೇ, ಅಲ್ಲೂ ಶೂ ಬಿಚ್ಚಿಟ್ಟೇ ಆಡ್ತಾರೆ" ಅಂತ ಒಂದು ಸುಳ್ಳು ಬಿಟ್ಟ. ಮಾವನ ಎದೆ ಉಬ್ಬಿತು. ಮುಂದಿನ ವಾರವೇ ಟೀವಿಯಲ್ಲಿ ಮ್ಯಾಚು ನೋಡಿದವನು ಗೆಳೆಯನನ್ನು ಕೋಲು ಹಿಡಿದು ಕಣದ ಸುತ್ತ ಅಟ್ಟಾಡಿಸಿದ.

ಹೀಗೆ ಚೆನ್ನಾಗಿದ್ದ ಭಾನುವಾರಗಳಿಗೆ ಒಬ್ಬ ಬಿಲ್ಡರ್ ಗಂಟುಬಿದ್ದ. ಮಾವನ ಮಕ್ಕಳೇ ಅವನನ್ನು ಕರೆತಂದದ್ದು. ಜಾಗ ಇವರದು, ಕಟ್ಟುವುದು ಅವನು, ಮನೆಗಳು ಅರ್ಧರ್ಧ. ಕಣವನ್ನೂ ಸೇರಿಸಿಯೇ ಅವನ ನಕ್ಷೆ ತಯಾರಾಗಿತ್ತು, ನಾವು ಗೋಲು ಹೊಡೆಯುವ ಕಡೆ ಅವನಿಗೆ ಕಾರು ನಿಲ್ಲಿಸುವ ಜಾಗ! ಮಕ್ಕಳು ದಿನವೂ ಮಾವನ ತಲೆ ತಿನ್ನುತ್ತಿದ್ದರು. ಮಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆದರೆ ಗೇಟಿನ ಬಳಿ ಕೂತವನು ಆಟ ನೋಡುವುದನ್ನು ಬಿಟ್ಟು ನೆಲವನ್ನೇ ನೋಡತೊಡಗಿದ್ದ. ಈ ಕಣ ಹೋದರೆ ನಮಗೆ ಆಡಲು ಜಾಗವಿಲ್ಲ ಸರಿ, ಮಾವ ಎಲ್ಲಿ ಕೂರಬೇಕು?

ಒಂದು ಭಾನುವಾರ ಬಿಲ್ಡರ್ ಜಾಗ ನೋಡಲು ಬಂದ. ಮಾವ ಇನ್ನೂ ಕಣದ ಪಕ್ಕದ ತನ್ನ ಮನೆಯೊಳಗೆ ತಿಂಡಿ ತಿನ್ನುತ್ತಿದ್ದ. ಗೇಟಿನಲ್ಲಿ ಯಾರೂ ಇಲ್ಲ. ಬಿಲ್ಡರ್ ಕಾಲಲ್ಲಿ ಮೂತಿ ಚೂಪಾದ ಕರಿ ಶೂ. ಗೆಳೆಯ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

"ಬನ್ನಿ ಸಾರ್, ಬನ್ನಿ" ಅಂತ ಬೀಗರನ್ನು ಬರಮಾಡಿಕೊಳ್ಳುವ ಹಾಗೆ ಅವನ ಕೈ ಹಿಡಿದೆ. "ಮಧ್ಯದಲ್ಲಿ ನಿಂತು ನೋಡಿದ್ರೆ ನಾಲ್ಕು ಕಡೆನೂ ಚೆನ್ನಾಗಿ ಕಾಣುತ್ತೆ."

ಸರಿಯಾಗಿ ನಡುಗಣದಲ್ಲಿ ಅವನನ್ನು ನಿಲ್ಲಿಸಿ ನಾನು ಪಕ್ಕಕ್ಕೆ ಸರಿಯುವುದಕ್ಕೂ, ಮಾವ ಕೈ ತೊಳೆದುಕೊಂಡು ಹೊರಗೆ ಬರುವುದಕ್ಕೂ ಸರಿಹೋಯಿತು. ಅಯ್ಯಪ್ಪಾ! ಮಾವನ ಬಾಯಿಂದ ಅಂಥ ಮಾತುಗಳನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಇಲ್ಲಿ ಬರೆಯುವಂತೆಯೂ ಇಲ್ಲ. ಬಿಲ್ಡರ್ ಕಾರು ಹತ್ತಿ ಹೋದ ರಭಸಕ್ಕೆ ನಕ್ಷೆ ಅಲ್ಲೇ ಬಿದ್ದಿತ್ತು. ಅವತ್ತು ಮಧ್ಯಾಹ್ನ ಗೆಳೆಯನ ಮನೆಯಲ್ಲಿ ಭರ್ಜರಿ ಬಿರಿಯಾನಿ ಊಟವಾಯಿತು.

ಮುಂದಿನ ಭಾನುವಾರ ಅದೇ ಕಾರು ಮತ್ತೆ ಬಂತು. ಬಿಲ್ಡರ್ ಗೇಟಿನ ಹೊರಗೇ ಶೂ ಬಿಟ್ಟ, ಸಾಕ್ಸನ್ನೂ ಬಿಚ್ಚಿದ. ಬಗ್ಗಿ ಕಣ ಮುಟ್ಟಿ ಕಣ್ಣಿಗೊತ್ತಿಕೊಂಡ. "ತಪ್ಪಾಯ್ತು ಯಜಮಾನ್ರೇ, ನಮ್ಮಪ್ಪನೂ ಕಣ ಮಾಡ್ತಿದ್ದೋರೇ" ಅಂದ. ಮಾವ ಕರಗಿಬಿಟ್ಟ! ಒಳಗಿನಿಂದ ಕಾಫಿ ಬಂತು. ಇಬ್ಬರೂ ಕಟ್ಟೆ ಮೇಲೆ ಕೂತು ಬಿಸಿಲೇರುವವರೆಗೆ ಮಾತಾಡಿದರು. ನಮ್ಮ ಕಾಲಿಗೆ ಚೆಂಡೇ ಸಿಗಲಿಲ್ಲ, ಎಲ್ಲರ ಕಿವಿಯೂ ಕಟ್ಟೆಯ ಕಡೆಗಿತ್ತು. "ಮುಗೀತು ಮಗಾ, ಕಣ ಹೋಯ್ತು" ಅಂದ ಗೆಳೆಯ. ನನ್ನ ಉಪಾಯ ನನಗೇ ತಿರುಗಿತಲ್ಲ ಅಂತ ಅಳು ಬರುವಂತಾಯಿತು.

ಕೊನೆಗೆ ಮಾವ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, ಕೋಲಿನಿಂದ ಕಣದ ಮೂರು ಕಡೆ ತೋರಿಸಿದ. "ಇಲ್ಲಿ ಕಟ್ಕೊ. ಅಲ್ಲಿ ಕಟ್ಕೊ. ಅಲ್ಲೂ ಕಟ್ಕೊ. ಎಲ್ಲಾ ಮನೆ ಬಾಲ್ಕನಿನೂ ಈ ಕಡೀಕೇ ಇರ್ಬೇಕು. ಕಣಕ್ಕೆ ಕೈ ಇಕ್ಕಂಗಿಲ್ಲ. ಕುರ್ಚಿ ನಿಂದು, ಕಣ ನಂದು." ಬಿಲ್ಡರ್‌ಗೆ ಕುರ್ಚಿಯ ಮಾತು ಅರ್ಥವಾಗಲಿಲ್ಲ. ನಮಗೆ ಆಯಿತು.

ಈಗ ಮೂರು ಕಡೆಯೂ ಮನೆಗಳೆದ್ದಿವೆ. ಭಾನುವಾರ ಬೆಳಿಗ್ಗೆ ಬಾಲ್ಕನಿಗಳಲ್ಲಿ ಜನ ಕಾಫಿ ಲೋಟ ಹಿಡಿದು ನಿಲ್ಲುತ್ತಾರೆ. ನಮ್ಮ ಆಟಕ್ಕಿಂತ ನಮ್ಮ ಹೊಟ್ಟೆಗಳ ಮೇಲೇ ಅವರ ಕಣ್ಣು. "ಅಂಕಲ್, ಓಡಿ ಅಂಕಲ್" ಅಂತ ಮೇಲಿನಿಂದ ಚುಡಾಯಿಸುತ್ತಾರೆ. ಎರಡನೇ ಮಹಡಿಯ ಒಬ್ಬಾಕೆಯ ಬಾಲ್ಕನಿಗೆ ಚೆಂಡು ಹೋದರೆ, ಒಣಹಾಕಿದ ಬಟ್ಟೆಗೆ ಮಣ್ಣಾಯಿತು ಅಂತ ಸರಿಯಾಗಿ ಬೈದು ಆಮೇಲೆ ಎಸೆಯುತ್ತಾಳೆ. ಮಾವನದು ಮೂರನೇ ಮಹಡಿ. ಗೇಟಿನ ಕೆಲಸವನ್ನು ಈಗ ಅಲ್ಲಿಂದಲೇ ಮಾಡುತ್ತಾನೆ.

ಈ ವರ್ಷ ಕೊಚ್ಚಿಯ ಸ್ಟೇಡಿಯಂ ನೋಡಲು ಹೋಗಿದ್ದೆವು. ಬಸ್ಸಿಳಿದು ನೇರ ಶೆಟ್ಟಿಹಳ್ಳಿಗೆ ಬಂದರೆ ಆಟ ಶುರುವಾಗಿತ್ತು. ಚೆಂಡು ಉರುಳಿಕೊಂಡು ಗೇಟಿನ ತನಕ ಬಂತು. ಆಸೆ ತಡೆಯದೆ ಹೆಗಲ ಚೀಲ ಎಸೆದು ಚೆಂಡು ಒದೆಯುತ್ತಾ ಒಳಗೆ ಓಡಿದೆ.

"ಅಳಿಯಾ! ನಿಂತ್ಕೊ ಅಲ್ಲೇ!"

ನಡುಗಣದಲ್ಲಿ ನಿಂತೆ. ಕಾಲು ನೋಡಿಕೊಂಡೆ. ಎರಡರಲ್ಲೂ ಶೂ.

"ಆವತ್ತು ಆ ಬಿಲ್ಡರ್‌ನ ಕೈ ಇಡ್ಕಂಡು ಅಲ್ಲೇ ನಿಲ್ಸಿದ್ದಲ್ಲ, ಕಿಟಕಿಯಿಂದ ನೋಡ್ತಿದ್ದೆ ಕಣ್ಲಾ! ನೀನಂಗೆ ಮಾಡಿದ್ದಕ್ಕೇ ಅವನು ತಲೆ ಬಗ್ಗಿಸ್ಕಂಡು ಬಂದು ನಾನು ಕೇಳಿದ್ದಕ್ಕೆಲ್ಲಾ ಹೂಂ ಅಂದ. ಅದಕ್ಕೇ ನಿಂಗೇನೂ ಅನ್ನದೆ ಸುಮ್ಕಿದ್ದೆ. ಇವತ್ತು ನಿನ್ ಕೈ ಇಡ್ಕಂಡು ಕರ್ಕಂಬಂದೋರು ಯಾರ್ಲಾ?"

ಮೂರು ಕಡೆಯ ಬಾಲ್ಕನಿಗಳೂ ಹೋ ಅಂತ ನಕ್ಕವು. ಯಾರೋ ಶಿಳ್ಳೆ ಹೊಡೆದರು. ನಾನು ಅಲ್ಲೇ ಕುಕ್ಕರಿಸಿ ಲೇಸು ಬಿಚ್ಚತೊಡಗಿದೆ. ಗಡಿಬಿಡಿಗೆ ಗಂಟು ಇನ್ನಷ್ಟು ಬಿಗಿಯಾಯಿತು. ಮುಖ ಬಿಸಿಯಾಗಿತ್ತು, ಆದರೂ ತಲೆಯೆತ್ತಿ ಒಂದು ಸಲ ಸುತ್ತ ನೋಡಿದೆ. ಎಲ್ಲ ಮಹಡಿಯಲ್ಲೂ ಜನ, ಒಂದು ಬಾಲ್ಕನಿಯೂ ಖಾಲಿ ಇರಲಿಲ್ಲ.

"ಕೋಲ್ಕತ್ತಾದಲ್ಲಿ ನೋಡೋಕಾಗ್ಲಿಲ್ಲ ಅಂತಿದ್ದೆಯಲ್ಲ ಗುರು, ನೋಡ್ಕೋ" ಅಂದ ಗೆಳೆಯ, ಗೇಟಿನ ಹೊರಗೆ ಜಾಣನ ಹಾಗೆ ಶೂ ಬಿಚ್ಚುತ್ತಾ.