ಮೂರು ತಲೆಯ ಮಾವ

ಗೆಳೆಯರೇ, ದಾಳ ಉರುಳಿಸಿ ಆಡುವ ನಮ್ಮ ಕಥೆಯಾಟದಲ್ಲಿ ರಾಕ್ಷಸರೆಲ್ಲ ನನ್ನ ಪಾಲು. ವೀರರಾಗಿ ಆಡುವ ಮಂಜ ಮತ್ತು ಇನ್ನಿಬ್ಬರು ಪ್ರತಿ ಭಾನುವಾರ ಕಾಫಿ ಆರುವ ಮೊದಲೇ ಅವರನ್ನು ಕೊಂದುಬಿಡುತ್ತಾರೆ. ಅದಕ್ಕೇ ಇಂದಿನವನಿಗೆ ಮೂರು ತಲೆ, ಕತ್ತಿ ನಾಟದ ಚರ್ಮ, ಜೊತೆಗೆ ಮಾತಾಡುವ ಬಾಯನ್ನೂ ಕೊಟ್ಟೆ.

"ಯಾರದು, ನನ್ನ ಗುಹೆಗೆ ಬಂದವರು?" ಎಂದು ಗುಡುಗಿದೆ.

ಎದುರು ಕುಳಿತ ಮಂಜ ಕತ್ತಿ ಎತ್ತುವ ಬದಲು, "ಯಾವೂರು ಸಾ ನಿಮ್ದು?" ಅಂದ.

ಗಲಿಬಿಲಿಯಲ್ಲಿ "ಹಳ್ಳಿಮೈಸೂರು" ಅಂದುಬಿಟ್ಟೆ.

"ಅಂಗಾರೆ ನಮ್ಮವ್ವನ ತವ್ರು. ನೀವು ನಂಗೆ ಮಾವ ಆಗ್ಬೇಕು. ಲೇ, ಕತ್ತಿ ಕೆಳಿಕ್ ಮಡಗ್ರುಲಾ, ಮಾವನ ಕಾಲಿಗ್ ಬೀಳಿ."

ಮೂವರೂ ಬಿದ್ದರು. ಕಾಲಿಗೆ ಬಿದ್ದವರನ್ನು ಹೇಗೆ ತಿನ್ನಲಿ? ನಿಧಿಯ ಪೆಟ್ಟಿಗೆ ಕೊಟ್ಟು, ಊಟ ಮಾಡಿಕೊಂಡೇ ಹೋಗಬೇಕು ಎಂದೆ.

ತಲೆ ಹೆಚ್ಚಿಸಿದೆ, ಚರ್ಮ ದಪ್ಪ ಮಾಡಿದೆ, ಊರು ಹೇಳಿ ಕೆಟ್ಟೆ.