ಗಂಜಿ ಹಾಕಿದ ಚೀಲ

ಗಾಳಿ ಸಿಗದ ಯಂತ್ರದ ಒಳಗಿನಿಂದ ಒಂದು ವಾಸನೆ ಬರುತ್ತದೆ. ಕಾದ ತಾಮ್ರ, ಹಳೆಯ ರಬ್ಬರು, ಸುಟ್ಟ ಧೂಳು ಮೂರೂ ಬೆರೆತ ವಾಸನೆ. ಕಳೆದ ತಿಂಗಳು ಶಿಗ್ಗಾವಿಯಲ್ಲಿ, ಹಳೆಯ ಸಾಮಾನು ಕೂಡಿಡುವ ಹವ್ಯಾಸದ ಒಬ್ಬರ ಮನೆಯಲ್ಲಿ, ಅದು ಮೂಗಿಗೆ ಬಡಿದಾಗ ನಾನು ಗೋಡೆ ಹಿಡಿದು ನಿಂತೆ. ಅವರ ಪಡಸಾಲೆಯಲ್ಲಿ ರೇಡಿಯೊಗಳ ಪಕ್ಕ ಎರಡು ವ್ಯಾಕ್ಯೂಮ್ ಕ್ಲೀನರುಗಳಿದ್ದವು. ಒಂದು ಕೊಳವೆಯಂತೆ ಉದ್ದ, ನೆಲದ ಮೇಲೆ ಜಾರಲು ಅದರಡಿ ಎರಡು ಉಕ್ಕಿನ ಪಟ್ಟಿ. ಇನ್ನೊಂದು ಮುಚ್ಚಳವಿರುವ ದುಂಡನೆಯ ಡಬ್ಬಿ. "ಕೂಡಿಡೋ ಮಂದಿ ಎಲ್ಲಾ ಉದ್ದಂದನ್ನ ಕೇಳ್ತಾರ್ರಿ. ದುಂಡಂದಕ್ಕ ಕಿಮ್ಮತ್ತಿಲ್ಲ" ಎನ್ನುತ್ತ ಅವರು ದುಂಡನೆಯದರ ಗುಂಡಿ ಒತ್ತಿದ್ದರು. ಅದು ಮುಲುಗಿತು, ಏನನ್ನೂ ಎಳೆಯಲಿಲ್ಲ. "ವಯಸ್ಸಾತ್ರಿ ಅದಕ್ಕ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆ ಮುಲುಗು ನನಗೆ ಗೊತ್ತಿತ್ತು.

ಅಪ್ಪ, ಅವ್ವ ಹಾನಗಲ್ಲಿನಲ್ಲಿದ್ದರೂ ನಾನು ಬೆಳೆದದ್ದು ಸವಣೂರಿನಲ್ಲಿ, ದೊಡ್ಡಪ್ಪ ದೊಡ್ಡವ್ವರ ಮನೆಯಲ್ಲಿ. ಆ ಮನೆಯಿಂದ ಸುತ್ತಲಿನ ಮದುವೆಗಳಿಗೆ ಜಮಖಾನೆಗಳು ಬಾಡಿಗೆಗೆ ಹೋಗುತ್ತಿದ್ದವು. ತಡಸಕ್ಕೆ, ಹಿರೇಬೆಂಡಿಗೇರಿಗೆ, ಒಮ್ಮೊಮ್ಮೆ ಹಂಸಭಾವಿಯವರೆಗೂ ಚಕ್ಕಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದರು. ವಾಪಸ್ಸು ಬಂದಾಗ ಅವುಗಳ ನೂಲಿನ ನಡುವೆ ಅಕ್ಷತೆಯ ಅಕ್ಕಿ, ಅರಿಸಿನ, ಎಲೆಯಡಿಕೆಯ ಚೂರು, ಆ ಊರಿನ ಕರಿಮಣ್ಣು ಎಲ್ಲವೂ ಇರುತ್ತಿದ್ದವು. ದೊಡ್ಡವ್ವ ಅವನ್ನು ಹಾಗೆಯೇ ಮುಂದಿನ ಮನೆಗೆ ಕಳಿಸಿದವಳಲ್ಲ. "ಒಬ್ರ ಮನೀ ಧೂಳು ತಂದು ಇನ್ನೊಬ್ರ ಮದುವ್ಯಾಗ ಹಾಸೂದೇನು?" ಎನ್ನುತ್ತಿದ್ದಳು. ಹಿತ್ತಲಿನ ಹಗ್ಗಕ್ಕೆ ಜಮಖಾನೆ ಹಾಕಿ, ಮೂಗಿಗೆ ಸೆರಗು ಕಟ್ಟಿಕೊಂಡು, ಬಿದಿರಿನ ಕೋಲಿನಿಂದ ಬಡಿಯುತ್ತಿದ್ದಳು. ಬಿಸಿಲಲ್ಲಿ ಧೂಳು ಹೊಳೆಯುತ್ತಿತ್ತು. ಆ ಧೂಳು ಎಷ್ಟೋ ವರ್ಷದಿಂದ ಅವಳ ಎದೆಯೊಳಗೆ ಇಳಿಯುತ್ತಿತ್ತು ಎಂಬುದು ನಮಗೆ ತಡವಾಗಿ ತಿಳಿಯಿತು. ಉಸಿರು ಎಳೆದುಕೊಳ್ಳುವಾಗ ಅವಳ ಕೊರಳ ಕುಳಿ ಒಳಕ್ಕೆ ಹೋಗುತ್ತಿತ್ತು. ನಾನು ಆ ಕುಳಿಯನ್ನೇ ನೋಡುತ್ತ ಕೂರುತ್ತಿದ್ದೆ. ಹುಬ್ಬಳ್ಳಿಯ ಡಾಕ್ಟರು, ಇನ್ನು ಧೂಳಿನ ಕೆಲಸ ಬಿಡದಿದ್ದರೆ ಜೀವ ಉಳಿಯುವುದಿಲ್ಲ ಎಂದು ಹೇಳಿ ಕಳಿಸಿದರು.

ದೊಡ್ಡಪ್ಪ ಜಮಖಾನೆಗಳನ್ನೆಲ್ಲ ಮಾರುತ್ತೇನೆಂದ. ದೊಡ್ಡವ್ವ ಒಪ್ಪಲಿಲ್ಲ. ಸ್ವಂತ ಮಕ್ಕಳಿಲ್ಲದ ಆ ಮನೆಗೆ ಊರಿನ ಪ್ರತಿ ಮದುವೆಯಲ್ಲೂ ಒಂದು ಪಾಲಿತ್ತೆಂದರೆ ಅದು ಅವಳ ಜಮಖಾನೆಗಳಿಂದ. ಹುಬ್ಬಳ್ಳಿಯಲ್ಲಿ ಯಾವುದೋ ಬಂಗಲೆಯ ಸಾಮಾನು ಹರಾಜಾದಾಗ ದೊಡ್ಡಪ್ಪ ಎರಡು ಯಂತ್ರ ಹೊತ್ತು ತಂದ. ಒಂದು ಉದ್ದನೆಯದು, ಒಂದು ದುಂಡನೆಯದು. "ಈ ಸುಗ್ಗಿಯ ಮದುವಿ ಮುಗಿಯೂದ್ರೊಳಗ ಇವು ಧೂಳು ತಗದ್ರ ಸರಿ. ಇಲ್ಲಂದ್ರ ಜಮಖಾನಿ ಮನ್ಯಾಗ ಇರಾಂಗಿಲ್ಲ" ಎಂದ. ಎದುರು ಮನೆಯ ಮುಮ್ತಾಜಬಿ ಸೊಂಟಕ್ಕೆ ಕೈಯಿಟ್ಟು ದುಂಡನೆಯದನ್ನು ಸುತ್ತು ಹಾಕಿ ನೋಡಿದಳು. "ಅಕ್ಕಾರ, ಇದು ಬಸರಿ ಐತೇನ್ರಿ? ಹಡಿಯಾಕ ತವರಮನೀಗೆ ಬಂದಂಗ ಐತಿ!" ದೊಡ್ಡವ್ವ ನಗಲು ಹೋಗಿ ಕೆಮ್ಮಿದಳು.

ಮೊದಲು ಉದ್ದನೆಯದನ್ನು ನಡೆಸಿದರು. ನೋಡಲು ಅದು ಬಹಳ ಚೆಂದ. ಸೆಳೆತವೂ ಜೋರು, ಅಕ್ಕಿಕಾಳು ಟಣಟಣ ಎನ್ನುತ್ತ ಕೊಳವೆಯೊಳಗೆ ಹೋದವು. ಆದರೆ ಅದು ಎಳೆದುಕೊಂಡ ಗಾಳಿ ಹಿಂದಿನ ಬಾಯಿಂದ, ನೆಲದ ಮಟ್ಟದಲ್ಲಿ, ರಭಸದಿಂದ ಹೊರಬರುತ್ತಿತ್ತು. ಮಣ್ಣಿನ ನೆಲದ ನಮ್ಮ ಪಡಸಾಲೆಯಲ್ಲಿ ಒಂದು ಗಳಿಗೆಯಲ್ಲಿ ಎದುರಿನವರ ಮುಖ ಕಾಣದಷ್ಟು ಧೂಳೆದ್ದಿತು. ಆ ದಿನ ಉಸಿರು ಕಟ್ಟಿದ ದೊಡ್ಡವ್ವನನ್ನು ಕಟ್ಟೆಯ ಮೇಲೆ ಕೂರಿಸಿ, ಮುಮ್ತಾಜಬಿ ಬೆನ್ನು ತಿಕ್ಕುತ್ತ, ನನಗೆ ಗಾಳಿ ಬೀಸಲು ಹೇಳಿದಳು. ನಾನು ಬೀಸಿದೆ.

ಎರಡನೆಯದರ ಸರದಿ ಬರುವ ಮೊದಲು ದೊಡ್ಡವ್ವ ಅದರ ಮುಚ್ಚಳ ತೆಗೆದು, ಒಳಗಿನ ಬಟ್ಟೆಯ ಚೀಲವನ್ನು ನೀರಲ್ಲಿ ಒಗೆದಳು. ಯಾರದೋ ಮನೆಯ ಹೊಲಸು ಅದರಲ್ಲಿ ತುಂಬಿತ್ತು. ನಮ್ಮ ಮನೆಯಲ್ಲಿ ಒಗೆದದ್ದಕ್ಕೆಲ್ಲ ಅನ್ನದ ಗಂಜಿ ಹಾಕುವ ರೂಢಿ. ಧೋತರಕ್ಕೆ, ತಲೆದಿಂಬಿನ ಚೀಲಕ್ಕೆ, ಪರದೆಗೆ. ಇದಕ್ಕೂ ಹಾಕಿದಳು. ಚೀಲ ಹಪ್ಪಳದಂತೆ ಬಿರುಸಾಗಿ ಒಣಗಿತು. ಯಂತ್ರ ಶುರು ಮಾಡಿದರೆ ಮುಲುಗಿತೇ ಹೊರತು ಒಂದು ಅಕ್ಕಿಕಾಳನ್ನೂ ಎತ್ತಲಿಲ್ಲ. ಮುಚ್ಚಳ ಬಿಸಿಯಾಯಿತು, ಆ ವಾಸನೆ ಬಂತು. ದೊಡ್ಡಪ್ಪ ತಂತಿ ಕಿತ್ತು, "ಎರಡೂ ಗುಜರಿಗೆ. ಜಮಖಾನೀನೂ ಹೋಗ್ಲಿ. ನೀ ಉಳದ್ರ ಸಾಕು" ಎಂದ. ಹಿರೇಕೆರೂರಿನ ವ್ಯಾಪಾರಿಯೊಬ್ಬನಿಗೆ ಬರಲು ಹೇಳಿಯೂ ಕಳಿಸಿದ.

ಮರುದಿನ ಮಧ್ಯಾಹ್ನ ದೊಡ್ಡವ್ವ ಆ ಡಬ್ಬಿಯ ಮುಂದೆ ಕಾಲು ಚಾಚಿ ಕುಳಿತಿದ್ದಳು. ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಚೀಲವನ್ನು ಹೊರತೆಗೆದು, ಬಾಯಿಗೂ ಮೂಗಿಗೂ ಒತ್ತಿ ಹಿಡಿದು ಉಸಿರು ಎಳೆದಳು. ಕೊರಳ ಕುಳಿ ಒಳಕ್ಕೆ ಹೋಯಿತು. ನಾನು ಓಡಿ ಹೋಗಿ ಅವಳ ಕೈ ಹಿಡಿದೆ. ಅವಳು ಚೀಲ ಕೆಳಗಿಟ್ಟು, ಸುಧಾರಿಸಿಕೊಂಡು, ದೊಡ್ಡಪ್ಪನನ್ನು ಕೂಗಿದಳು.

"ಇಲ್ಲಿ ಬರ್ರಿ. ಇದಕ್ಕೂ ನನ್ನಂಥಾ ಬ್ಯಾನೀನ ಐತಿ. ಉಸರು ಹಾಯಾಂಗಿಲ್ಲ. ಗಂಜಿ ಹಾಕಿ ನಾನ ಇದರ ಬಾಯಿ ಮುಚ್ಚೇನಿ."

"ನಿನಗ ಹೆಂಗ ಗೊತ್ತಾತು?"

"ಉಸರು ಸಿಗಲಿಲ್ಲಂದ್ರ ಹೆಂಗಾಗ್ತೇತಿ ಅನ್ನೂದು ಈ ಮನ್ಯಾಗ ನನಗಲ್ದ ಇನ್ನ್ಯಾರಿಗ್ರಿ ಗೊತ್ತು?"

ದೊಡ್ಡಪ್ಪ ಬಿಸಿನೀರಿನ ತಪೇಲಿ ತಂದು ಅವಳ ಮುಂದೆ ಇಟ್ಟ. ಚೀಲ ಅದ್ದಿದೊಡನೆ ನೀರು ಹಾಲಿನಂತೆ ಬೆಳ್ಳಗಾಯಿತು. ಚೆಲ್ಲಿದರು, ಮತ್ತೆ ಹಾಕಿದರು. ಸಂಜೆಯ ಹೊತ್ತಿಗೆ ಚೀಲ ಮೆತ್ತಗೆ ಒಣಗಿತ್ತು. ಈ ಸಲ ದುಂಡನೆಯದು ಸಣ್ಣ ದನಿಯಲ್ಲಿ ತಡೆಯಿಲ್ಲದೆ ನಡೆಯಿತು. ಉದ್ದನೆಯದರಷ್ಟು ಸೆಳೆತ ಅದಕ್ಕಿರಲಿಲ್ಲ. ಒಂದು ಜಮಖಾನೆಗೆ ದುಪ್ಪಟ್ಟು ಹೊತ್ತು ಬೇಕಾಯಿತು. ಆದರೆ ಅದರ ಚೀಲ ದಪ್ಪ, ಗಾಳಿಯನ್ನು ಮೇಲಿನಿಂದ ಮೆಲ್ಲಗೆ ಬಿಡುತ್ತಿತ್ತು, ನೆಲದ ಮಣ್ಣನ್ನು ಮುಟ್ಟುತ್ತಿರಲಿಲ್ಲ. ನಾನು ದೊಡ್ಡವ್ವನ ಕೆಮ್ಮಿಗೆ ಕಿವಿಗೊಟ್ಟು ನಿಂತಿದ್ದೆ. ಕೆಮ್ಮು ಬರಲಿಲ್ಲ. ಹಿರೇಕೆರೂರಿನವನು ಬಂದಾಗ ಉದ್ದನೆಯದನ್ನು ಮಾತ್ರ ಕೊಂಡು ಹೋದ, ಚೆಂದದ್ದು ತನಗೆ ಸಿಕ್ಕಿತೆಂದು ಖುಷಿಯಿಂದ.

ದೊಡ್ಡವ್ವ ಪೂರ್ತಿ ಗುಣವಾಗಲಿಲ್ಲ. ಆದರೂ ನನ್ನ ಮದುವೆಯ ಜಮಖಾನೆಯನ್ನು ಅವಳೇ ಸ್ವಚ್ಛ ಮಾಡಿದಳು. ಅದರ ಮೇಲೆ ಕುಳಿತಾಗ ಯಾವ ಊರಿನ ಮಣ್ಣೂ ನನ್ನ ಕಾಲಿಗೆ ತಾಗಲಿಲ್ಲ. ಈಗ ಆ ಮನೆಯಿಲ್ಲ. ಜಮಖಾನೆಗಳ ಜಾಗಕ್ಕೆ ಕುರ್ಚಿಗಳು ಬಂದವು. ದೊಡ್ಡಪ್ಪ, ಮುಮ್ತಾಜಬಿ, ಕೊನೆಗೆ ದೊಡ್ಡವ್ವ, ಒಬ್ಬೊಬ್ಬರಾಗಿ ಹೋದರು. ಡಬ್ಬಿ ಯಾರ ಪಾಲಾಯಿತೋ ತಿಳಿಯದು.

ಶಿಗ್ಗಾವಿಯ ಆ ಮನೆಯಲ್ಲಿ ನಾನು ಗೋಡೆ ಬಿಟ್ಟು ಕೇಳಿದೆ, "ಚೀಲ ಒಗದೀರೇನ್ರಿ?"

"ಒಗದು, ಗಂಜಿ ಹಾಕಿ, ಇಸ್ತ್ರಿ ಮಾಡಿಸೇನ್ರಿ. ನೋಡೋರಿಗೆ ಚಂದ ಕಾಣಬೇಕಲ್ಲ."

"ಒಂದು ಬಕೀಟು ಬಿಸಿನೀರು ಕೊಡ್ರಿ."

"ಬ್ಯಾಡ್ರಿ ಅಕ್ಕಾರ, ಗಂಜಿ ಹೋದ್ರ ಜೋತು ಬೀಳ್ತೇತಿ."

"ಬೀಳ್ಲಿ. ಕೊಡ್ರಿ."

ಅವರು ಕೊಟ್ಟರು. ಚೀಲ ಅದ್ದಿದೆ. ನೀರು ಬೆಳ್ಳಗಾಯಿತು, ಚೆಲ್ಲಿ ಮತ್ತೆ ತುಂಬಿದೆ. ತಿಳಿಯಾಗುವವರೆಗೆ ಬಿಡಲಿಲ್ಲ. ಬಿಸಿಲಿಗೆ ಹಾಕಿ, ಅದು ಒಣಗುವವರೆಗೆ ಅಲ್ಲೇ ಕುಳಿತೆ. ಆಮೇಲೆ ಚೀಲವನ್ನು ಮೂಗಿಗೆ ಹಿಡಿದು ನೋಡಿದೆ. ಉಸಿರು ಹಾಯ್ದು ಹೋಯಿತು. ಜೋಡಿಸಿ ಗುಂಡಿ ಒತ್ತಿದೆ. ಅದೇ ಸಣ್ಣ ದನಿ, ಅದೇ ಸರಾಗ. ಹಳೆಯ ರೂಢಿಯಂತೆ ಬೆನ್ನ ಹಿಂದಿನ ಕೆಮ್ಮಿಗೆ ಕಿವಿಗೊಟ್ಟು ನಿಂತೆ. ಯಾರೂ ಕೆಮ್ಮಲಿಲ್ಲ.